ಮಾಂಬಲದ ಬಾವಿಯ ಹಗ್ಗ

ನನ್ನ ಹೆಸರು ಪಾವನಾ. ಮುಂದಿನದನ್ನು ಓದುವಾಗ ಈ ಹೆಸರು ನೆನಪಾಗಿ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ನಾನು ಮುಟ್ಟಿದ ಹಗ್ಗವನ್ನು ಒಬ್ಬರು ತೊಳೆದರು. ಅಲ್ಲಿಂದ ಶುರುವಾದ ಜಗಳ ಇದು.

ನಾವು ಮಂಡ್ಯದ ಕಡೆಯವರು. ಮದ್ರಾಸಿನ ಪಶ್ಚಿಮ ಮಾಂಬಲದಲ್ಲಿ ಫ್ಲ್ಯಾಟ್ ಕೊಂಡದ್ದು ಎರಡು ಸಾವಿರದ ಎರಡರಲ್ಲಿ. ನನ್ನ ಗಂಡ ದಿನೇಶ್‌ಗೆ ಶೋಳಿಂಗನಲ್ಲೂರಿನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ನನಗೆ ಮಣಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ. ಅವರ ಕ್ಯಾಬು ದಕ್ಷಿಣಕ್ಕೆ, ನನ್ನ ಕಂಪನಿ ಬಸ್ಸು ಉತ್ತರಕ್ಕೆ. ಯಾರಿಗೂ ಅನ್ಯಾಯವಾಗದಿರಲಿ ಎಂದು ನಡುವೆ ಮಾಂಬಲ. ಮನೆ ತೋರಿಸಿದ ಬ್ರೋಕರ್ ಕೆಳಗಿನ ಮನೆಯವರೂ ಕನ್ನಡದವರೇ ಎಂದಾಗ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಕೆಳಗಿನ ಮನೆಯವರು ಗೋದಾಬಾಯಿ. ಕನ್ನಡದ ಮಾಧ್ವರು, ಅಜ್ಜನ ಕಾಲದಿಂದ ಮದ್ರಾಸಿನವರು. ಈಗ ಫ್ಲ್ಯಾಟುಗಳಿರುವ ಜಾಗದಲ್ಲಿ ಮೊದಲು ಅವರದೇ ಹಂಚಿನ ಮನೆ ಇತ್ತು. ಗಂಡ ತಿರುಮಲರಾಯರು ಬದುಕಿದ್ದಾಗಲೇ ಜಾಗವನ್ನು ಬಿಲ್ಡರಿಗೆ ಕೊಟ್ಟು, ನೆಲಮಹಡಿಯ ಮನೆಯೊಂದನ್ನು ಇಟ್ಟುಕೊಂಡಿದ್ದರು. ಹಿತ್ತಲಿನ ಬಾವಿ ಮಾತ್ರ ಹಾಗೇ ಉಳಿದಿತ್ತು. ರಾಯರು ತೀರಿಕೊಂಡ ಮೇಲೆ ಗೋದಾಬಾಯಿ ಮಗ ಮತ್ತು ಸೊಸೆ ವೃಂದಾಳ ಜೊತೆಗಿದ್ದರು. ಇಡೀ ಕಟ್ಟಡವೇ ಅವರನ್ನು ಮಾಮಿ ಎಂದು ಕರೆಯುತ್ತಿತ್ತು. ನಾನೂ ಮಾಮಿ ಎಂದೇ ಕರೆದೆ.

ಬೆಳಗಾದರೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಂದು, ಆ ಬಾವಿಯಿಂದ ತಾಮ್ರದ ಕೊಡದ ತುಂಬ ನೀರು ಸೇದಿ ಒಯ್ಯುವುದು ಮಾಮಿಯ ಮಡಿ. ದೇವರ ಪೂಜೆಗೂ ಅಡಿಗೆಗೂ ಅದೇ ನೀರು. ನಲ್ಲಿಯ ನೀರು ಯಾವ ಯಾವ ಕೊಳವೆ ದಾಟಿ ಬಂದದ್ದೋ ಎಂದು ಅವರು ಅದನ್ನು ಮಡಿಗೆ ಸೇರಿಸುತ್ತಿರಲಿಲ್ಲ. ಅವರ ನೀರು ಅವರಿಗೆ, ನನಗೇನು ಎಂದುಕೊಂಡು ಸುಮ್ಮನಿದ್ದೆ.

ನಾವು ಬಂದ ವರ್ಷದ ನವರಾತ್ರಿಯಲ್ಲಿ ಒಂದು ಬೆಳಿಗ್ಗೆ ಕಟ್ಟಡದ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ಮೇಲಿನ ಟ್ಯಾಂಕು ಖಾಲಿ. ನಾನು ಪ್ಲಾಸ್ಟಿಕ್ ಕೊಡ ಹಿಡಿದು ಹಿತ್ತಲಿಗೆ ಹೋದೆ. ಮಾಮಿ ಆಗಷ್ಟೇ ಸೇದಿದ ಕೊಡ ಬಾವಿಕಟ್ಟೆಯ ಮೇಲಿತ್ತು. ನಮಸ್ಕಾರ ಹೇಳಿ ಹಗ್ಗಕ್ಕೆ ಕೈ ಹಾಕಿದೆ. ಅವರು ತುಂಬಿದ ಕೊಡ ಎತ್ತಿ, ಆ ನೀರನ್ನೆಲ್ಲ ಹಗ್ಗದ ಮೇಲೆ ಸುರಿದರು. ನನ್ನ ಕೈ ಇನ್ನೂ ಅದರ ಮೇಲೇ ಇತ್ತು. ಆಮೇಲೆ ಮೆತ್ತಗೆ, "ಒಂದು ಮಾತು ಕೇಳ್ಬಾರದೇನಮ್ಮಾ, ನಾನೇ ಸೇದಿ ಹಾಕ್ತಿದ್ನಲ್ಲ" ಎಂದರು.

ಬೈದಿದ್ದರೆ ನಾನೂ ತಿರುಗಿ ಬೈದು ಅಲ್ಲಿಗೇ ಮುಗಿಸುತ್ತಿದ್ದೆ. ಆ ಮೆತ್ತನೆಯ ಮಾತು ನನ್ನ ಮೈಯೆಲ್ಲ ಉರಿಸಿತು. ಖಾಲಿ ಕೊಡ ಹಿಡಿದು ಮೆಟ್ಟಿಲು ಹತ್ತಿ ಬಂದು ಅತ್ತೆ. ದಿನೇಶ್ ಕೇಳಿದಾಗ ಎಲ್ಲ ಹೇಳಿದೆ. ಅವರು ಹಲ್ಲು ಕಚ್ಚಿ ಕೇಳಿಸಿಕೊಂಡರು. ಅಂದಿನಿಂದ ನಾನು ಆ ಬಾವಿಯ ಕಡೆ ತಲೆ ಹಾಕಲಿಲ್ಲ.

ಮುಂದಿನ ಬೇಸಿಗೆಗೆ ದಿನೇಶ್ ಫ್ಲ್ಯಾಟಿನ ಸಂಘಕ್ಕೆ ಕಾರ್ಯದರ್ಶಿಯಾದರು. ಬಾವಿ ಮುಚ್ಚಿ ಸ್ಕೂಟರು ಬೈಕು ನಿಲ್ಲಿಸಲು ಜಾಗ ಮಾಡೋಣ ಎಂಬ ಮಾತೆತ್ತಿದವರು ಅವರೇ. ಮಾಂಬಲದ ಸೊಳ್ಳೆಗಳ ಹಾವಳಿ ಊರಿಗೆಲ್ಲ ಗೊತ್ತು. ನಮ್ಮ ಬಾವಿಯೇ ಅವಕ್ಕೆ ತವರುಮನೆ ಎಂದರು. ಮಕ್ಕಳು ಬಗ್ಗಿ ನೋಡುತ್ತವೆ, ಅಪಾಯ ಎಂದರು. ಇವು ಹೊರಗೆ ಹೇಳಿದ ಕಾರಣಗಳು. ಒಳಗಿನ ಕಾರಣ ನಾನು. ನನ್ನ ಬೆರಳ ಮೇಲೆ ಬಿದ್ದ ನೀರನ್ನು ಅವರು ಮರೆತಿರಲಿಲ್ಲ. ನನಗದು ಗೊತ್ತಿತ್ತು, ಒಳಗೊಳಗೇ ಹಿತವಾಗಿಯೂ ಇತ್ತು.

ಸಭೆ ಸೇರಿದ್ದು ಕೆಳಗೆ ಗಾಡಿ ನಿಲ್ಲಿಸುವಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಉಳಿದವರೆಲ್ಲ ತಮಿಳರು, ಮಾತೂ ತಮಿಳಿನಲ್ಲೇ. ಮಾಮಿ ಒಬ್ಬರೇ ವಿರೋಧಿಸಿದರು. ತಾರಸಿಯನ್ನು ಅವರು ತಮಿಳರ ಹಾಗೆ ಮೊಟ್ಟಮಾಡಿ ಎನ್ನುತ್ತಾರೆ. ಮೊಟ್ಟಮಾಡಿಯ ಮಳೆನೀರೆಲ್ಲ ಕೊಳವೆಯಲ್ಲಿ ಇಳಿದು ಈ ಬಾವಿಗೆ ಬೀಳುವಂತೆ ತಮ್ಮ ಯಜಮಾನರು ಮಾಡಿಸಿದ್ದಾರೆ, ಬಾವಿ ಹೋದರೆ ನಿಮ್ಮ ಬೋರೂ ಹೋಗುತ್ತದೆ ಎಂದರು. ನಾನು ಎದ್ದು ನಿಂತೆ. ದಿನಾ ಬಾಯ್ಲರಿನ ನೀರು ಪರೀಕ್ಷೆ ಮಾಡಿ ಸಂಬಳ ತರುವವಳು ನಾನು, ನೀರಿನ ವಿಷಯ ನನಗೆ ಹೇಳಬೇಡಿ ಎಂದೆ. ಬೋರು ಬಾವಿಗಿಂತ ಎಷ್ಟೋ ಆಳ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದೆ. ಕೊನೆಗೆ ಅವರ ಕಡೆಗೆ ತಿರುಗಿ ಕನ್ನಡದಲ್ಲಿ, "ನಿಮಗೆ ಬೇಕಾಗಿರೋದು ಮಡಿ ನೀರು ಮಾಮಿ. ಅದಕ್ಕೆ ಬೋರಿನ ಕತೆ ಕಟ್ತಾ ಇದೀರಿ" ಎಂದೆ.

ಮಾಮಿ ನನ್ನನ್ನೇ ನೋಡಿದರು. "ನಿಮ್ಮೂರಲ್ಲಿ ನಿಮ್ಮನೆ ಬಾವಿಗೆ ಎಲ್ರೂ ಕೈ ಹಾಕ್ತಿದ್ರೇನಮ್ಮಾ?"

ಹಾಕುತ್ತಿರಲಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹುಚ್ಚಮ್ಮ ಬಾವಿಗೆ ಬಾರದೆ ದೂರದಲ್ಲಿ ಕೊಡ ಇಟ್ಟು ನಿಲ್ಲುತ್ತಿದ್ದಳು. ನನ್ನ ಅವ್ವ ಬೋರಮ್ಮ ಮೇಲಿನಿಂದ ನೀರು ಸುರಿಯುತ್ತಿದ್ದಳು. ಮಾಮಿಗೆ ಇದು ಗೊತ್ತಿರಲು ಸಾಧ್ಯವಿಲ್ಲ, ಸುಮ್ಮನೆ ಗುಂಡು ಹೊಡೆದಿದ್ದರು. ಅದು ಬಂದು ನೆಟ್ಟಗೆ ನಾಟಿತ್ತು.  ಆದರೂ ಮತಕ್ಕೆ ಹಾಕಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಬಾವಿ ಮುಚ್ಚುವುದೆಂದು ತೀರ್ಮಾನವಾಯಿತು.

ಆ ವರ್ಷದ ಬೇಸಿಗೆಯನ್ನು ಮದ್ರಾಸಿನವರು ಯಾರೂ ಮರೆತಿರಲಿಕ್ಕಿಲ್ಲ. ಕೆರೆಗಳು ಒಣಗಿ ಬಿರುಕುಬಿಟ್ಟವು. ಬೀದಿಗೆ ನೀರಿನ ಲಾರಿ ಬಂದರೆ ಹಳದಿ, ನೀಲಿ, ಕೆಂಪು ಕೊಡಗಳ ಸಾಲು ಅಂಗಡಿಬೀದಿಯವರೆಗೂ ಇರುತ್ತಿತ್ತು. ನಮ್ಮ ಬೋರು ಉಸಿರುಕಟ್ಟಿದ ಹಾಗೆ ಗೊರಗೊರ ಎನ್ನುತ್ತಿತ್ತು, ನೀರಿಗಿಂತ ಗಾಳಿಯೇ ಹೆಚ್ಚು. ಬಂದ ನೀರಿನಲ್ಲಿ ಸೋಪು ನೊರೆ ಕೊಡುತ್ತಿರಲಿಲ್ಲ, ಪಾತ್ರೆಯ ಮೇಲೆ ಬಿಳಿ ಪೊರೆ ಕೂರುತ್ತಿತ್ತು. ನಮ್ಮ ಹಿಂದಿನ ಕಟ್ಟಡದ ಗತಿ ಇನ್ನೂ ಕೆಟ್ಟದಾಗಿತ್ತು. ಅವರು ಹಿಂದಿನ ವರ್ಷವೇ ತಮ್ಮ ಬಾವಿ ಮುಚ್ಚಿ ಅಂಗಳಕ್ಕೆ ಟೈಲ್ಸ್ ಹಾಕಿಸಿದ್ದರು. ನಮ್ಮ ಬಾವಿ ಮುಚ್ಚಬೇಕಾದ ಮೇಸ್ತ್ರಿ ಬೇರೆ ಕೆಲಸ ಹಿಡಿದು ಇವತ್ತು ನಾಳೆ ಎನ್ನುತ್ತ ಜೂನ್ ತಿಂಗಳವರೆಗೂ ಎಳೆದ.

ಜೂನ್‌ನಲ್ಲಿ ಒಂದು ವಾರ ಬಿಟ್ಟುಬಿಟ್ಟು ಸಂಜೆಯ ಮಳೆ ಬಂತು. ನಾನು ಬಾಲ್ಕನಿಯಲ್ಲಿ ಒಗೆದ ಬಟ್ಟೆ ತೆಗೆಯುತ್ತ ಕೆಳಗೆ ನೋಡಿದೆ. ತಾರಸಿಯಿಂದ ಇಳಿದ ಕೊಳವೆಯ ಬಾಯಿಂದ ನೀರು ಧೋ ಎಂದು ಬಾವಿಯೊಳಗೆ ಬೀಳುತ್ತಿತ್ತು. ಮಾಮಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನೋಡಲಿ, ಇನ್ನೆಷ್ಟು ದಿನ ಎಂದುಕೊಂಡೆ.

ಅದಾಗಿ ಕೆಲವು ದಿನಕ್ಕೆ ಬೋರಿನ ಸದ್ದು ಬದಲಾಯಿತು. ಗೊರಗೊರ ನಿಂತು ನೀರು ತುಂಬಿ ಬರತೊಡಗಿತು. ಸೋಪು ನೊರೆ ಕೊಟ್ಟಿತು. ಕಟ್ಟಡದವರೆಲ್ಲ ಸದ್ಯ ಎಂದುಕೊಂಡು ಸುಮ್ಮನಾದರು. ನನಗೆ ಸುಮ್ಮನಿರಲಾಗಲಿಲ್ಲ, ಅದು ನನ್ನ ಹೊಟ್ಟೆಪಾಡಿನ ಚಾಳಿ. ಮಳೆಗೆ ಮೊದಲೇ ಒಮ್ಮೆ ನಮ್ಮ ಬೋರಿನ ನೀರನ್ನು ಲ್ಯಾಬಿಗೆ ಒಯ್ದು ಗಡಸುತನ ನೋಡಿದ್ದೆ. ಈಗ ಮತ್ತೆ ಒಯ್ದೆ. ವೃಂದಾಳಿಗೆ ಹೇಳಿ ಬಾವಿಯ ನೀರನ್ನೂ ಒಂದು ಬಾಟಲಿ ತರಿಸಿಕೊಂಡೆ. ಹಿಂದಿನ ಕಟ್ಟಡದ ಬೋರಿನದನ್ನು ಅಲ್ಲಿಯ ಒಂದು ಮನೆಗೂ ನಮ್ಮ ಮನೆಗೂ ಕೆಲಸಕ್ಕೆ ಬರುವ ಗುಣವತಿ ತಂದುಕೊಟ್ಟಳು.

ನಮ್ಮ ಬೋರಿನ ನೀರು ಅರ್ಧಕ್ಕರ್ಧ ಮೆದುವಾಗಿ, ಹೆಚ್ಚುಕಡಿಮೆ ಬಾವಿಯ ನೀರಿನ ಹಾಗೇ ಆಗಿತ್ತು. ಹಿಂದಿನ ಕಟ್ಟಡದ ಮೇಲೂ ಅದೇ ಮೋಡ, ಅದೇ ಮಳೆ. ಅವರ ಬೋರು ಇನ್ನೂ ಗಾಳಿ ಉಗುಳುತ್ತಿತ್ತು, ಬಂದಷ್ಟು ನೀರು ಕಲ್ಲಿನಂತೆ ಗಡಸು. ತಪ್ಪಾಗಿರಲಿ ಎಂದು ಹಾರೈಸುತ್ತ ಪರೀಕ್ಷೆಯನ್ನು ಮತ್ತೆ ಮಾಡಿದೆ. ಅದೇ ಬಂತು. ನಮ್ಮ ಬೋರು ಬಾವಿಯ ನೀರು ಕುಡಿದು ಬದುಕಿತ್ತು. ಮಾಮಿ ಹೇಳಿದ್ದು ಸರಿ.

ನನಗೆ ಕೆಟ್ಟ ಸಿಟ್ಟು ಬಂತು. ಸರಿಯಾದ ಮಾತಾಡಲು ಇಡೀ ಊರಿನಲ್ಲಿ ಬೇರೆ ಯಾರೂ ಸಿಗಲಿಲ್ಲವೇ? ಆ ಮೇಸ್ತ್ರಿ ಮಳೆಗೆ ಮೊದಲೇ ಬಂದಿದ್ದರೆ ಬಾವಿ ಮುಚ್ಚಿಹೋಗಿ ಇದೆಲ್ಲ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗಲೂ ಗೊತ್ತಿರುವುದು ನನಗೊಬ್ಬಳಿಗೇ. ಬಾಟಲಿ ತೊಳೆದಿಟ್ಟು ಬಾಯಿ ಹೊಲಿದುಕೊಂಡರೆ, ಮೇಸ್ತ್ರಿ ಕೊನೆಗೂ ಗೊತ್ತುಮಾಡಿರುವ ಈ ಭಾನುವಾರ ಬಾವಿಗೆ ಮಣ್ಣು ಬೀಳುತ್ತದೆ, ಮಾಮಿಯ ಹಗ್ಗವೂ ಒಂದು ಗತಿ ಕಾಣುತ್ತದೆ. ಬಸ್ಸಿನಲ್ಲಿ ಮಾಂಬಲದವರೆಗೂ ಇದೇ ಯೋಚನೆ ಮಾಡಿದೆ, ಖುಷಿಪಟ್ಟೂ ನೋಡಿದೆ. ಆದರೆ ದಿನವಿಡೀ ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕುವವಳಿಗೆ ಇಂಥ ಖುಷಿ ಬಹಳ ಹೊತ್ತು ನಿಲ್ಲುವುದಿಲ್ಲ.

ಶನಿವಾರ ಸಂಜೆ ದಿನೇಶ್‌ಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. "ನಿಂಗೋಸ್ಕರ ಕಣೇ ಇದನ್ನೆಲ್ಲ ಮೈಮೇಲೆ ಹಾಕ್ಕೊಂಡಿದ್ದು" ಎಂದರು. "ಅಷ್ಟು ಜನರ ಮುಂದೆ ಕೂಗಾಡಿ ಒಪ್ಸಿದೀನಿ. ನಾಳೆ ನನ್ನ ಹೆಂಡ್ತಿನೇ ಎದ್ದು ಮಾಮಿ ಹೇಳಿದ್ದು ಸರಿ ಅಂದ್ರೆ ನನ್ ಮುಖ ಎಲ್ಲಿಟ್ಕೊಳ್ಳಿ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಪರವಾಗಿ ಜಗಳಕ್ಕೆ ನಿಂತವರು ಈ ಊರಿನಲ್ಲಿ ಅವರೊಬ್ಬರೇ. ಗೊತ್ತಿಲ್ಲದವಳ ಹಾಗೆ ಇದ್ದುಬಿಡು ಎಂದರು. ಇಲ್ಲವೇ ಹೀಗೆ ಮಾಡೋಣ, ಇನ್ನುಮೇಲೆ ಎಲ್ಲರೂ ಹಗ್ಗ ಮುಟ್ಟಬಹುದು ಎಂದು ಮಾಮಿ ಮೊದಲು ಒಪ್ಪಲಿ, ಆಮೇಲೆ ಬಾವಿ ಉಳಿಸೋಣ ಎಂದರು. ಮೇಲ್ನೋಟಕ್ಕೆ ಒಳ್ಳೆಯ ಉಪಾಯವೇ. ಆದರೆ ಮಾಮಿ ಒಪ್ಪಲಿಲ್ಲ ಎಂದಿಟ್ಟುಕೊಳ್ಳಿ, ಆಗ ಬೋರು ಬಾವಿಯ ನೀರು ಕುಡಿಯುವುದು ಸುಳ್ಳಾಗಿಬಿಡುತ್ತದೆಯೇ? ನಾನು ಏನೂ ಹೇಳದೆ ಎದ್ದು ಹೋಗಿ ಅನ್ನಕ್ಕಿಟ್ಟೆ. ದಿನೇಶ್ ಅದನ್ನು ಒಪ್ಪಿಗೆ ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಒಡೆದ ಇಟ್ಟಿಗೆ ಗಾರೆ ತುಂಬಿದ ಲಾರಿ ಗೇಟಿನ ಮುಂದೆ ಬಂದು ನಿಂತಿತು. ಎಲ್ಲರೂ ಕೆಳಗೆ ಸೇರಿದ್ದರು. ಮಾಮಿ ಹಿತ್ತಲಿನ ದಾರಿಯಲ್ಲಿ ಒಂದು ಮೊಳದ ಸ್ಟೂಲು ಹಾಕಿಕೊಂಡು ಕೂತಿದ್ದರು. ವೃಂದಾ ಏಳಿ ಎಂದು ಬೇಡುತ್ತಿದ್ದಳು. ದಿನೇಶ್ ಮಾಮಿಗೆ ಮರ್ಯಾದೆಯಿಂದಲೇ ದಾರಿ ಬಿಡಲು ಹೇಳಿ, ಲಾರಿಯವನಿಗೆ ಕೈ ಬೀಸಿದರು.

ನಾನು ಲಾರಿಗೂ ಮಾಮಿಗೂ ನಡುವೆ ಹೋಗಿ ನಿಂತೆ. ನನ್ನ ತಮಿಳು ಅಷ್ಟಕ್ಕಷ್ಟೇ, ಇದ್ದಷ್ಟರಲ್ಲೇ ಹೇಳಿದೆ. ಬಾವಿ ಮುಚ್ಚಬಾರದು, ಮಾಮಿ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಬಾಟಲಿಗಳ ಕತೆ ಹೇಳಿ, ಹಿಂದಿನ ಕಟ್ಟಡದ ಬೋರಿನ ಕಡೆ ಕೈ ತೋರಿಸಿದೆ. ನಿಮಗೆ ಸ್ಕೂಟರಿಗೆ ಜಾಗ ಬೇಕೋ ಸ್ನಾನಕ್ಕೆ ನೀರು ಬೇಕೋ ಎಂದು ಕೇಳಿದೆ. ನೀವೇ ತಾನೆ ಅವತ್ತು ಸಂಬಂಧವಿಲ್ಲ ಎಂದದ್ದು ಎಂದು ಮೂರನೇ ಮಹಡಿಯವರು ಕೆಣಕಿದರು. ಹೌದು, ನಾನೇ, ಅದಕ್ಕೇ ನಾನೇ ಬಂದು ಹೇಳುತ್ತಿದ್ದೇನೆ ಎಂದೆ. ಹಿಂದಿನ ಕಟ್ಟಡದವರ ಕಷ್ಟ ಎಲ್ಲರೂ ಕಣ್ಣಾರೆ ಕಂಡದ್ದೇ, ವಾದ ಬೆಳೆಯಲಿಲ್ಲ. ದಿನೇಶ್ ನನ್ನ ಮುಖ ನೋಡದೆ ಲಾರಿಯವನನ್ನು ವಾಪಸು ಕಳಿಸಿ, ಮೆಟ್ಟಿಲು ಹತ್ತಿ ಹೋದರು. ಅವರ ಬೆನ್ನು ನೋಡುವಾಗ ನನಗೆ ಅಳು ಬಂತು. ಮಾತು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಮಾಮಿ ಸ್ಟೂಲಿನಿಂದ ಎದ್ದು ಕೈ ಮುಗಿದರು. ನನಗಲ್ಲ, ಮೇಲಕ್ಕೆ. "ಕೃಷ್ಣ ನಿನ್ನ ಬಾಯಲ್ಲಿ ಹೇಳಿಸ್ದ, ನೋಡಮ್ಮಾ" ಎಂದರು.

ಕೃಷ್ಣನಂತೆ. ಲ್ಯಾಬಿನಲ್ಲಿ ನಿಂತು ಕಾಲು ನೋಯಿಸಿಕೊಂಡವಳು ನಾನು. ಅಲ್ಲಿಯವರೆಗೆ ತಮಿಳಿನಲ್ಲಿ ಒಪ್ಪಿಕೊಂಡಿದ್ದೆ, ಇನ್ನು ಕನ್ನಡದಲ್ಲಿ ಜಗಳ ತೆಗೆದೆ. "ಕೃಷ್ಣ ಅಲ್ಲ ಮಾಮಿ, ನಾನೇ ಹೇಳಿದ್ದು. ಇನ್ನೊಂದೂ ಹೇಳ್ತೀನಿ ಕೇಳಿ. ಬಾವಿ ವಿಷಯ ನೀವು ಹೇಳಿದ್ದು ಸರಿ. ಹಗ್ಗದ ವಿಷಯ ನೀವು ಮಾಡಿದ್ದು ತಪ್ಪು. ನಾಳೆಯಿಂದ ನಾನೂ ಸೇದ್ತೀನಿ, ನಮ್ಮನೆ ಗುಣವತೀನೂ ಸೇದ್ತಾಳೆ. ನೀವು ಒಪ್ಪಿದ್ರೂ ಒಪ್ಪದಿದ್ರೂ ಬಾವಿಯಂತೂ ಮುಚ್ಚಲ್ಲ."

"ಅದು ಬೇರೆ, ಇದು ಬೇರೆ ತಾನೇಮ್ಮಾ" ಎಂದರು ಮಾಮಿ.

"ಎರಡೂ ಒಂದೇ ಬಾವಿ" ಎಂದು ಹೇಳಿ ನಾನು ಮೇಲೆ ಬಂದೆ.

ದಿನೇಶ್ ಆ ದಿನವೆಲ್ಲ ಟಿವಿಯ ಮುಂದಿನಿಂದ ಏಳಲಿಲ್ಲ. ಊಟಕ್ಕೆ ಕರೆದರೆ ಬಂದರು, ಉಪ್ಪು ಕೇಳಲೂ ಬಾಯಿ ಬಿಡಲಿಲ್ಲ. ಅವರ ಸಿಟ್ಟು ಇಳಿಯಲು ಬಹಳ ದಿನ ಹಿಡಿಯಿತು. ಆಮೇಲೆ ಮಳೆನೀರನ್ನು ನೆಲಕ್ಕೆ ಇಳಿಸುವ ಏರ್ಪಾಡು ಪ್ರತಿ ಕಟ್ಟಡದಲ್ಲೂ ಇರಲೇಬೇಕೆಂದು ಸರ್ಕಾರದ ಆಜ್ಞೆಯೇ ಬಂತು. ಊರೆಲ್ಲ ಗುಂಡಿ ತೋಡುತ್ತಿದ್ದಾಗ ಕಾರ್ಯದರ್ಶಿಗಳು, ನಮ್ಮಲ್ಲಿ ಮೊದಲಿನಿಂದಲೂ ಇದೆ ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದರು. ನಾನು ನಕ್ಕೆ, ಆದರೆ ಅವರೆದುರಿಗಲ್ಲ.

ಲಾರಿ ವಾಪಸು ಹೋದ ಮರುದಿನ, ಸೋಮವಾರ ಬೆಳಿಗ್ಗೆ, ಕರೆಂಟು ಇರಲಿಲ್ಲ. ಕೆಲಸಕ್ಕೆ ಬಂದ ಗುಣವತಿಯನ್ನು ಕರೆದುಕೊಂಡು ಬಾವಿಗೆ ಇಳಿದೆ. ಮೊದಲ ಕೊಡ ನಾನು ಸೇದಿದೆ. ಆಮೇಲೆ ಹಗ್ಗವನ್ನು ಗುಣವತಿಯ ಕೈಗೆ ಕೊಟ್ಟೆ. ಬೇಡ ಅಕ್ಕಾ ಎಂದು ಅವಳು ಹಿಂದೆ ಸರಿದಳು. ಹಿಡಿ ಎಂದೆ. ಆ ಕ್ಷಣ ನನಗೆ ಹುಚ್ಚಮ್ಮ ನೆನಪಾದಳು. ದೂರದಲ್ಲಿಟ್ಟ ಅವಳ ಕೊಡವೂ ನೆನಪಾಯಿತು. ಸಭೆಯಲ್ಲಿ ಆ ಪ್ರಶ್ನೆ ಕೇಳಿದ ಮಟ್ಟಿಗೂ ಮಾಮಿಯದೇ ಸರಿ. ಆದರೆ ನಮ್ಮೂರಿನಲ್ಲಿ ನಡೆದದ್ದು ಇಲ್ಲೂ ನಡೆಯಬೇಕು ಎನ್ನಲು ಅದು ಕಾರಣವಾಗಲಾರದು. ಗುಣವತಿ ಸೆರಗು ಸಿಕ್ಕಿಸಿಕೊಂಡು ಸರಸರನೆ ಸೇದಿದಳು.

ಅಷ್ಟರಲ್ಲಿ ಮಾಮಿ ಒದ್ದೆ ಸೀರೆಯಲ್ಲಿ, ಖಾಲಿ ತಾಮ್ರದ ಕೊಡ ಹಿಡಿದು ಬಂದರು. ಗುಣವತಿಯ ಕೈಯಲ್ಲಿದ್ದ ಹಗ್ಗ ನೋಡಿ ನಿಂತುಬಿಟ್ಟರು. ಗುಣವತಿ ಅದನ್ನು ಬಿಟ್ಟು ಗೋಡೆಗೆ ಆತುಕೊಂಡಳು. ನಾನು ಅಲ್ಲಾಡಲಿಲ್ಲ. ಅವರು ನಮ್ಮ ಕೊಡಗಳತ್ತ ನೋಡಿದರು, ತಮ್ಮ ಕೊಡದೊಳಗೆ ನೋಡಿದರು. "ಹಗ್ಗ ತೊಳೀಬೇಕು" ಎಂದರು.

"ತೊಳೀರಿ."

"ನೀರಿಲ್ಲ."

"ಸೇದಿ ಮಾಮಿ."

ಅವರು ಹಗ್ಗವನ್ನೇ ನೋಡುತ್ತ ನಿಂತರು. ಅದನ್ನು ತೊಳೆಯಲು ನೀರು ಬೇಕು, ನೀರಿಗೆ ಅದೇ ಹಗ್ಗ ಹಿಡಿಯಬೇಕು. ಒಳಗಿನಿಂದ ನಲ್ಲಿಯ ನೀರು ತರೋಣವೆಂದರೆ ಅದು ಮಡಿಗೆ ಬಾರದು. ಸಹಾಯಕ್ಕೆ ಹೋಗಲು ನನಗೆ ಒಂದಿಷ್ಟೂ ಮನಸ್ಸಾಗಲಿಲ್ಲ. ದೇವರ ಪೂಜೆಗೆ ಹೊತ್ತಾಗುತ್ತಿತ್ತು. ಕೊನೆಗೆ ಮಾಮಿ ಕೈ ಚಾಚಿ, ಗುಣವತಿ ಹಿಡಿದಿದ್ದ ಜಾಗದಲ್ಲೇ ಹಗ್ಗ ಹಿಡಿದು ಸೇದಿದರು. ರಾಟೆ ಕಿರುಗುಟ್ಟಿತು. ನೀರು ತುಂಬಿ ಬಂತು. ಅದನ್ನು ಎತ್ತಿ ಹಗ್ಗದ ಮೇಲೆ ಸುರಿಯಲು ಹೋದವರು ನಡುವೆಯೇ ತಡೆದು, ಕೊಡವನ್ನು ಕಟ್ಟೆಯ ಮೇಲೆ ಇಳಿಸಿದರು.

"ಈ ಹಗ್ಗದಲ್ಲಿ ಸೇದಿದ ನೀರಲ್ಲಿ ಈ ಹಗ್ಗ ತೊಳೆದು ಏನು ಬಂತು" ಎಂದರು, ನನಗೋ ತಮಗೋ. ಆಮೇಲೆ ನನ್ನ ಕಡೆಗೆ ತಿರುಗಿದರು. ಮುಖದಲ್ಲಿ ಅಂದಿನ ಮೆತ್ತನೆತನ ಇರಲಿಲ್ಲ. "ನೀ ಹೇಳೋದು ಶರಿ. ಒಪ್ಕೊಂಡೆ. ಆದ್ರೆ ನಾನು ಇನ್ನೊಂದು ಸಲ ಸ್ನಾನ ಮಾಡ್ದೇ ಒಲೆ ಮುಂದೆ ಹೋಗೋಳಲ್ಲ, ಅದನ್ನ ನೀ ಕೇಳಬೇಡ."

ಅಷ್ಟು ದಿನದಲ್ಲಿ ಮೊದಲ ಸಲ ಅವರು ನನಗೆ ಇಷ್ಟವಾದರು. ಹಾಗೆಂದು ಹಗ್ಗ ಬಿಡುವವಳೇ ನಾನು? ಮತ್ತೆ ಕೊಡ ಇಳಿಬಿಟ್ಟೆ.

"ಮಾಡಿ ಮಾಮಿ" ಎಂದೆ. "ಬಾವೀಲಿ ಬೇಕಾದಷ್ಟು ನೀರದೆ."